ಹಾಲಿನ ಅಲರ್ಜಿ ಇರುವ ಮಗುವಿಗೆ ಬರ್ತ್‌ಡೇ ಕೇಕ್ ಆರ್ಡರ್ ಮಾಡುವ ಮುಂಚೆ

ಮನೆಯಲ್ಲಿ ಹಾಲಿನ ಅಲರ್ಜಿ ಇರುವ ಮಗು ಇದ್ದು, ಬರ್ತ್‌ಡೇ ಹೊರಗಡೆ ಮಾಡುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಜಾಗದ ಹೆಸರು ಹಾಕುತ್ತಿಲ್ಲ. ಬೆಂಗಳೂರಲ್ಲಿ ಮಕ್ಕಳ ಪಾರ್ಟಿ ಮಾಡಿಸುವ ಪ್ಲೇ ಏರಿಯಾಗಳು ಬೀದಿಗೊಂದಿವೆ, ಇದು ಎಲ್ಲಿ ಬೇಕಾದರೂ ಆಗಬಹುದು.

ನನ್ನ ಮಗನಿಗೆ ಐದು ವರ್ಷ. ಕೈಗೂಸಾಗಿದ್ದಾಗಿಂದ ಹಾಲಿನ ಅಲರ್ಜಿ. ಪಾರ್ಟಿಯ ಪ್ಯಾಕೇಜ್‌ನಲ್ಲಿ ಕೇಕ್ ಸೇರಿತ್ತು. ಮ್ಯಾನೇಜರ್‌ಗೆ ಫೋನಲ್ಲಿ ಹೇಳಿದೆ, ವಾಟ್ಸಾಪ್‌ನಲ್ಲೂ ಬರೆದು ಕಳಿಸಿದೆ: ಹಾಲು, ಬೆಣ್ಣೆ, ತುಪ್ಪ, ಮೊಸರು, ಪನೀರ್, ಚೀಸ್, ಹಾಲಿನ ಪುಡಿ ಯಾವುದೂ ಇರಬಾರದು, ಮಗುವಿಗೆ ಉಸಿರಾಟದ ತೊಂದರೆ ಆಗಬಹುದು ಅಂತ. ಉತ್ತರ ಇನ್ನೂ ನನ್ನ ಫೋನಲ್ಲಿದೆ. "ಟೆನ್ಷನ್ ತಗೋಬೇಡಿ ಮೇಡಂ. ಸ್ಪಾಂಜ್ ಸೋಯಾ ಮಿಲ್ಕ್‌ನಲ್ಲಿ ಮಾಡಿಸ್ತೀವಿ, ಪೂರ್ತಿ ಎಗ್‌ಲೆಸ್. ಕ್ರೀಮ್ ಕೂಡ ನಾನ್-ಡೈರಿ. ಹಾಲಿನ ಅಂಶನೇ ಇರಲ್ಲ."

ಕಾರಿನ ಆಕಾರದ ಕೇಕ್. ಚಕ್ರದ ಮೇಲೆ ನೀಲಿ ಕ್ರೀಮ್ ದಪ್ಪಗೆ ಇತ್ತು. ಅವನು ಮೊದಲು ಬೆರಳಲ್ಲಿ ಅದನ್ನೇ ತೆಗೆದು ನೆಕ್ಕಿದ, ಆಮೇಲೆ ಒಂದು ತುಂಡು ತಿಂದ. ಸ್ವಲ್ಪ ಹೊತ್ತಲ್ಲೇ "ಬಾಯೊಳಗೆ ಚುಚ್ತಿದೆ ಅಮ್ಮಾ" ಅಂದ. ಬಾಯಿ ಸುತ್ತ ನೀಲಿ ಬಣ್ಣ ಮೆತ್ತಿಕೊಂಡಿತ್ತು, ಒರೆಸಿ ನೋಡಿದರೆ ಕೆಳದುಟಿ ಊದಿತ್ತು. ಕತ್ತಿನ ಮೇಲೆ ಸೊಳ್ಳೆ ಕಚ್ಚಿದ ಹಾಗೆ ದಡಸಲು ಎದ್ದು, ನೋಡ್ತಾ ನೋಡ್ತಾ ಒಂದಕ್ಕೊಂದು ಸೇರಿಕೊಂಡವು. ಆಮೇಲೆ ಕೆಮ್ಮು, ವಾಂತಿ. "ಜಾಸ್ತಿ ಕುಣಿದಿದಾನೆ, ಅದಕ್ಕೇ ವಾಂತಿ" ಅಂತ ಯಾರೋ ಹೇಳಿದ್ದು ಕೇಳಿಸಿತು. ನಾವು ಅಲ್ಲಿ ನಿಲ್ಲಲಿಲ್ಲ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು, ಯಾಕೆಂದರೆ ಒಮ್ಮೆ ಇಳಿದ ರಿಯಾಕ್ಷನ್ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಈಗ ಆರಾಮಾಗಿದ್ದಾನೆ.

ಮಾರನೇ ದಿನ ಆ ಕ್ರೀಮಿನ ಡಬ್ಬದ ಫೋಟೋ ಕೇಳಿದೆ. ಕಳಿಸಲು ಹಿಂದೆಮುಂದೆ ನೋಡಿದರು, ಕೊನೆಗೆ ಬಂತು. ಮುಂದುಗಡೆ ದೊಡ್ಡಕ್ಷರದಲ್ಲಿ 'ನಾನ್-ಡೈರಿ ವಿಪ್ ಟಾಪಿಂಗ್'. ಹಿಂದುಗಡೆ ಸಣ್ಣಕ್ಷರದಲ್ಲಿ ನೀರು, ಸಸ್ಯಜನ್ಯ ಕೊಬ್ಬು, ಸಕ್ಕರೆ, ಆಮೇಲೆ ಸೋಡಿಯಂ ಕೇಸಿನೇಟ್. ಅದರ ಕೆಳಗೆ ದಪ್ಪಗೆ 'ಕಂಟೇನ್ಸ್ ಮಿಲ್ಕ್'. ಕೇಸಿನೇಟ್ ಮಾಡುವುದು ಕೇಸಿನ್‌ನಿಂದ, ಕೇಸಿನ್ ಅಂದರೆ ಹಾಲಿನ ಮುಖ್ಯ ಪ್ರೋಟೀನ್. ನನ್ನ ಮಗನಿಗೆ ಆಗದೇ ಇರುವುದೇ ಅದು. ಕ್ರೀಮ್ ನೊರೆನೊರೆಯಾಗಿ ನಿಲ್ಲಲಿ ಅಂತ ಇದನ್ನು ಹಾಕುತ್ತಾರೆ. ಹಾಲಿನ ಕೊಬ್ಬಿನ ಬದಲು ತಾಳೆ ಥರದ ಎಣ್ಣೆ ಇದ್ದರೆ ಸಾಕು, ವ್ಯಾಪಾರದವರ ಬಾಯಲ್ಲಿ ಅದು ನಾನ್-ಡೈರಿ. ಬಿಸಿಲಿಗೆ ಬೇಗ ಕರಗಲ್ಲ, ಬೆಲೆಯೂ ಕಡಿಮೆ ಅಂತ ನಮ್ಮ ಬೇಕರಿಗಳಲ್ಲಿ ಇಂಥ ಕ್ರೀಮೇ ಜಾಸ್ತಿ. ಎಲ್ಲ ಬ್ರ್ಯಾಂಡಲ್ಲೂ ಕೇಸಿನೇಟ್ ಇರಲ್ಲ, ಕೆಲವದರಲ್ಲಿ ಇರುತ್ತೆ. ಡಬ್ಬ ತಿರುಗಿಸಿ ನೋಡದೆ ಗೊತ್ತಾಗಲ್ಲ. ಆ ಡಬ್ಬ ದಿನಾ ಅವರ ಕೈಯಲ್ಲೇ ಇತ್ತು, ಅದೇ ನನಗೆ ಸಿಟ್ಟು.

'ಎಗ್‌ಲೆಸ್' ಅನ್ನುವುದನ್ನಂತೂ ನಂಬಲೇಬೇಡಿ. ನಮ್ಮೂರಲ್ಲಿ ಎಗ್‌ಲೆಸ್ ಅಂದರೆ ಎಲ್ಲ ಮಡಿ ಅನ್ನೋ ಭಾವನೆ ಇದೆ. ಮೊಟ್ಟೆ ಬಿಟ್ಟ ಕೇಕಿಗೆ ಸಾಮಾನ್ಯವಾಗಿ ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕುತ್ತಾರೆ, ಅಂದರೆ ನಮ್ಮ ಮಕ್ಕಳಿಗೆ ಅದು ಇನ್ನೂ ಅಪಾಯ. ಪೊಟ್ಟಣದ ಮೇಲಿನ ಹಸಿರು ಚುಕ್ಕಿಯೂ ಅಷ್ಟೇ, ಹಾಲಿದ್ದರೂ ಅದು ಹಸಿರೇ. ಸೊನ್ನೆ ಹಾಲು ಬೇಕು ಅಂದರೆ 2022ರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ತಂದ ವೀಗನ್, ಅಂದರೆ ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲ ಅನ್ನುವ ಗುರುತು ಹುಡುಕಿ, ಹಸಿರು 'ವಿ' ಅಕ್ಷರದ ಮೇಲೆ ಚಿಕ್ಕ ಎಲೆ ಇರುತ್ತೆ. ಅದಿದ್ದರೂ 'ಮೇ ಕಂಟೇನ್ ಮಿಲ್ಕ್' ಅಂತ ಬರೆದಿದೆಯಾ ನೋಡಿಕೊಳ್ಳಿ. ಪ್ಯಾಕ್ ಮಾಡಿದ ತಿಂಡಿಗಳ ಮೇಲೆ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿ-ಬಾದಾಮಿ ಥರದವು, ಸೋಯಾ, ಗೋಧಿ ಇದ್ದರೆ ಹೇಳಲೇಬೇಕು ಅಂತ 2020ರ ಲೇಬಲ್ ನಿಯಮ ಇದೆ. ಬಿಡಿಯಾಗಿ ತರುವ ಕೇಕ್, ಪಫ್‌ಗಳ ಮೇಲೆ ಓದೋಕೆ ಏನಿರುತ್ತೆ ಹೇಳಿ. ಅದಕ್ಕೇ ಹೇಳ್ತಿರೋದು, ಬಾಯಿಮಾತು ಬೇಡ. ಬಳಸುವ ಪ್ರತಿಯೊಂದು ಪ್ಯಾಕೆಟ್ಟಿನ ಹಿಂಭಾಗದ ಫೋಟೋ ಹಿಂದಿನ ದಿನವೇ ತರಿಸಿಕೊಳ್ಳಿ. ಫೋಟೋ ಕಳಿಸಲ್ಲ ಅಂದರೆ ಬೇರೆ ಕಡೆ ಹೋಗಿ.

ಇನ್ನೊಂದು ಗೊಂದಲ. ಪಾರ್ಟಿಗೆ ಬಂದಿದ್ದ ಒಬ್ಬರು ಆಮೇಲೆ ಫೋನ್ ಮಾಡಿ "ನಮ್ಮವನಿಗೂ ಹಾಲು ಆಗಲ್ಲ, ಲ್ಯಾಕ್ಟೋಸ್-ಫ್ರೀ ಕೊಡ್ತೀವಿ, ನೀವೂ ಅದನ್ನೇ ಕೊಡಿ" ಅಂದರು. ಪಾಪ, ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಅದು ಜೀರ್ಣ ಆಗದಿದ್ದರೆ ಹೊಟ್ಟೆ ಉಬ್ಬರ, ಭೇದಿ. ಅಲರ್ಜಿ ಬರುವುದು ಪ್ರೋಟೀನಿನಿಂದ, ಲ್ಯಾಕ್ಟೋಸ್-ಫ್ರೀ ಹಾಲಿನಲ್ಲಿ ಆ ಪ್ರೋಟೀನ್ ಪೂರ್ತಿ ಇರುತ್ತೆ.

ಅಲ್ಲಿನ ದೋಸೆ ಕೌಂಟರ್ ವಿಷಯವೂ ಹೇಳಬೇಕು. "ನಿಮ್ಮ ಮಗೂಗೆ ಎಣ್ಣೆ ಹಾಕಿ ಕೊಡ್ತೀವಿ" ಅಂತ ಹೇಳಿದ್ದರು. ನಾನು ನಿಂತು ನೋಡಿದೆ. ಅದೇ ಕಾವಲಿ, ಅದೇ ಮಗುಚುವ ಕೈ, ಪಕ್ಕದ ದೋಸೆಯ ಬೆಣ್ಣೆ ಹರಿದು ಇತ್ತ ಬರ್ತಿತ್ತು. ದೋಸೆ ಬೇಡ ಅಂದುಬಿಟ್ಟೆ. ಪುಣ್ಯಕ್ಕೆ ಅದು ಕಣ್ಣಿಗೆ ಕಾಣುವ ಜಾಗದಲ್ಲಿತ್ತು. ಮಂಗಳೂರು ಬಜ್ಜಿ ಹಿಟ್ಟಿಗೆ ಮೊಸರು, ನಾನ್‌ಗೆ ಹಾಲು-ಮೊಸರು, ಗ್ರೇವಿಗೆ ಬೆಣ್ಣೆ, ಎಷ್ಟೋ ಮಸಾಲೆ ಚಿಪ್ಸ್‌ಗೆ ಹಾಲಿನ ಪುಡಿ ಬೀಳುವುದು ಅಡುಗೆಮನೆಯ ಒಳಗೆ.

ಇಂಥದ್ದು ಆದಾಗ ಏನು ಮಾಡಬೇಕು ಅಂತ ಡಾಕ್ಟರ್ ಹೇಳಿದ್ದನ್ನೂ ಬರೆದುಬಿಡ್ತೀನಿ. ಅಲರ್ಜಿ ಸಿರಪ್ ತುರಿಕೆ, ದಡಸಲು ಇಳಿಸುತ್ತೆ ಅಷ್ಟೇ. ಉಸಿರಿನ ತೊಂದರೆ ತಡೆಯುವ ಮದ್ದು ಅಡ್ರಿನಲಿನ್. ಸಿರಪ್ ಕುಡಿಸಿ ನೋಡೋಣ ಅಂತ ಕಾಯಬಾರದು. ಚರ್ಮದ ಜೊತೆಗೆ ಕೆಮ್ಮು, ವಾಂತಿ, ದನಿ ಬದಲಾಗುವುದು, ಮಗು ಸುಸ್ತಾಗಿ ಬೀಳುವುದು ಯಾವುದು ಸೇರಿದರೂ ನೇರ ಆಸ್ಪತ್ರೆಗೆ, ಇಲ್ಲವೇ 108ಕ್ಕೆ ಫೋನ್. ಮಗುವನ್ನು ನಿಲ್ಲಿಸಬೇಡಿ, ನಡೆಸಬೇಡಿ. ಮಲಗಿಸಿ, ಉಸಿರಿಗೆ ಕಷ್ಟ ಆದರೆ ಒರಗಿಸಿ ಕೂರಿಸಿ. ಪಾರ್ಟಿ ಜಾಗದಿಂದ ಹತ್ತಿರದ ಎಮರ್ಜೆನ್ಸಿ ಎಲ್ಲಿದೆ ಅಂತ ಮೊದಲೇ ನೋಡಿಟ್ಟಿರಿ. ಅಡ್ರಿನಲಿನ್ ಕೈಯಲ್ಲಿ ಇಟ್ಟುಕೊಳ್ಳಬೇಕಾ, ಹೇಗೆ ಕೊಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕಲಿಯಿರಿ.

ಪ್ಲೇ ಏರಿಯಾದವರು ಕೇಕಿನ ದುಡ್ಡು ವಾಪಸ್ ಕೊಟ್ಟರು, ತಪ್ಪಾಯ್ತು ಅನ್ನುವ ಮಾತು ಬರಲಿಲ್ಲ. ನಾನು ಫೋಟೋ, ವಾಟ್ಸಾಪ್ ಎಲ್ಲ ಸೇರಿಸಿ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ದೂರು ಹಾಕಿದ್ದೀನಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ಹಾಗಾದರೆ ಪಾರ್ಟಿಗೆ ಏನು ಕೊಡೋದು ಅಂತ ಕೇಳಿದವರಿಗೆ: ನಮ್ಮ ಅಡುಗೆಯಲ್ಲೇ ಹಾಲು ಸೋಕದ್ದು ಬೇಕಾದಷ್ಟಿದೆ. ಪುಟ್ಟ ಇಡ್ಲಿ, ಎಣ್ಣೆ ಹಾಕಿದ ಪಡ್ಡು, ನಿಂಬೆಹಣ್ಣು ಹಿಂಡಿದ ಚುರುಮುರಿ, ಹಣ್ಣು, ಎಳನೀರು. ಒತ್ತು ಶ್ಯಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು ಸುರಿದು ಕೊಟ್ಟರೆ ಮಕ್ಕಳು ಬಟ್ಟಲು ನೆಕ್ಕುತ್ತವೆ. ಚುರುಮುರಿಗೆ ಕಡಲೆಕಾಯಿ ಬೀಜ ಹಾಕುವ ಮುಂಚೆ ಬರುವ ಮಕ್ಕಳ ಅಪ್ಪ-ಅಮ್ಮನನ್ನು ಒಂದು ಮಾತು ಕೇಳಿ. ಗೋಧಿ ಆಗದ ಮಗು ಬರುವುದಿದ್ದರೆ ಇಂಗಿನ ಡಬ್ಬವನ್ನೂ ಓದಿ, ಪುಡಿ ಇಂಗಿಗೆ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ.

ಕೇಕ್ ಬೇಕೇ ಬೇಕು ಅಂದರೆ ಮನೆಯಲ್ಲೇ ಮಾಡಿ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ ಪುಡಿ, ಒಂದು ಚಿಕ್ಕ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇದಕ್ಕೆ ಒಂದು ಕಪ್ ನೀರು, ಮೂರನೇ ಒಂದು ಕಪ್ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್. ಕಲಸಿದ ತಕ್ಷಣ 180 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ. ಪಾತ್ರೆಗೆ ಬೆಣ್ಣೆ ಬದಲು ಎಣ್ಣೆ ಸವರಿ. ಕೋಕೋ ಪುಡಿ ಡಬ್ಬದ ಹಿಂಭಾಗವನ್ನೂ ಓದಿ, ಚಾಕೊಲೇಟ್ ಡ್ರಿಂಕ್ ಪುಡಿ ತಂದುಬಿಟ್ಟರೆ ಅದರಲ್ಲೂ ಹಾಲಿರಬಹುದು.