ಸ್ಪೀಕರ್ ಇಡೋಕೆ ಮೂರು ಜಾಗ ನೋಡ್ದೆ, ಮಧ್ಯ ಒಂದು ಸಬ್‌ವೂಫರ್ ದಂಡ ಆಯ್ತು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಮೂರನೇದಕ್ಕೆ, ಅಂದ್ರೆ ಸ್ಪೀಕರ್‌ನ ಗೋಡೆಯಿಂದ ಮುಂದಕ್ಕೆ ಎಳ್ದು ಕುರ್ಚಿ ಹಾಕ್ಕೊಂಡು ಹತ್ರ ಕೂತು ಕೇಳೋದಕ್ಕೆ. ಇದು ತಲೆಗೆ ಹೋಗೋಕೆ ಮುಂಚೆ ₹18,000 ಕೊಟ್ಟು ಸಬ್‌ವೂಫರ್ (ಬೇಸ್ ಅಂದ್ರೆ ತಗ್ಗು ಸದ್ದಿಗೇ ಅಂತ ಇರೋ ದೊಡ್ಡ ಸ್ಪೀಕರ್ ಡಬ್ಬ) ತಂದು ಐದೇ ತಿಂಗಳಿಗೆ ₹11,000ಕ್ಕೆ ಮಾರಿದೀನಿ, ಆ ಏಳು ಸಾವಿರದ ಹೊಟ್ಟೆಉರಿಗೇ ಇದನ್ನ ಬರೀತಿರೋದು.

ರೂಮು 12 ಅಡಿ ಉದ್ದ 10 ಅಡಿ ಅಗಲ, ಬಾಡಿಗೆ ಮನೆ, ನೆಲಕ್ಕೆ ಎರಡಡಿ ಟೈಲ್ಸು, ಹಾಗಾಗಿ ಅಳತೆ ಟೇಪ್ ಬೇಕಾಗಿಲ್ಲ, ಟೈಲ್ ಎಣಿಸಿದ್ರೆ ಆಯ್ತು. ಸ್ಪೀಕರು ಐದಿಂಚು ವೂಫರಿನ (ತಗ್ಗು ಸದ್ದು ಕೊಡೋ ಕೋನು) ಬುಕ್‌ಶೆಲ್ಫು, ಅಂದ್ರೆ ಶೆಲ್ಫ್ ಮೇಲಿಡೋ ಚಿಕ್ಕ ಥರದ್ದು. ಕೇಳೋದು ಮುಕ್ಕಾಲು ಪಾಲು ಕರ್ನಾಟಕ ಸಂಗೀತದ ಕಚೇರಿ, ಉಳಿದಿದ್ದು ಹಳೇ ಸಿನಿಮಾ ಹಾಡು.

ಮೊದಲು ಎಲ್ರ ಥರ ಟಿವಿ ಯೂನಿಟ್ ಮೇಲೆ ಆ ತುದಿಗೊಂದು ಈ ತುದಿಗೊಂದು, ಗೋಡೆಗೆ ಅಂಟಿಸಿ ಇಟ್ಟಿದ್ದೆ. ಹಿಂದೆ ಬೀರು, ಇಸ್ತ್ರಿ ಟೇಬಲ್ಲು ಇರೋದ್ರಿಂದ ಸೋಫಾ ಸರಿಯಾಗಿ ರೂಮಿನ ನಡುಮಧ್ಯಕ್ಕೆ ಬಂದಿತ್ತು. ನೋಡೋಕೇನೋ ಲಕ್ಷಣವಾಗಿತ್ತು. ಆದ್ರೆ ಮೃದಂಗದ ತೊಪ್ಪಿ (ತಗ್ಗು ಸದ್ದಿನ ಎಡಗಡೆ ಮುಖ) ಹೊಡೆತ ಯಾವ್ದೇ ಇರ್ಲಿ ಒಂದೇ ಥರ ಗುಂಯ್ ಅನ್ನೋದು, ಅದರ ಕೆಳಗಿನ ನಿಜವಾದ ಬೇಸು ಮಾತ್ರ ನಾಪತ್ತೆ. ಚಿಕ್ಕ ಸ್ಪೀಕರ್ ಅಲ್ವಾ, ಬೇಸ್ ಸಾಲ್ತಿಲ್ಲ ಅಂದ್ಕೊಂಡು ಸಬ್‌ವೂಫರ್ ತಂದೆ.

ತಂದು ಮೂಲೇಲಿಟ್ಟು ವಾಲ್ಯೂಮ್ ಏರಿಸ್ತಾನೇ ಹೋದೆ. ಅಡುಗೆಮನೆಯಿಂದ ಅಮ್ಮ "ಪಾತ್ರೆ ಎಲ್ಲ ಅದುರ್ತಿದೆ ಕಣೋ, ಮೆಲ್ಲಗಿಡೋ" ಅಂತ ಕೂಗ್ತಿದ್ರು, ಸೋಫಾ ಮೇಲಿದ್ದ ನನಗೆ ಮಾತ್ರ ಏನೂ ಇಲ್ಲ! ಅಂಗಡೀಲಿ ಕೇಳಿದ್ರೆ ಇನ್ನೂ ದೊಡ್ಡದು ತಗೊಳ್ಳಿ ಸರ್ ಅಂದ್ರು. ಫೇಸ್ ಸ್ವಿಚ್ (ಸಬ್‌ವೂಫರ್ ಅಲೆನ ಉಲ್ಟಾ ಮಾಡೋದು) ತಿರುಗಿಸ್ದೆ, ಮೂಲೆ ಬದಲಾಯಿಸ್ದೆ, ವೈರ್ ಬದಲಾಯಿಸ್ದೆ, ಹೀಗೇ ನಾಲ್ಕು ತಿಂಗಳು. ಒಂದಿನ ಕಾಫಿ ಲೋಟ ಇಸ್ಕೊಳ್ಳೋಕೆ ಎದ್ದು ಹಿಂದಿನ ಗೋಡೆ ಹತ್ರ ಹೋದೆ ನೋಡಿ, ಬೇಸ್ ಎದೆಗೆ ಬಂದು ಗುದ್ದಿತು. ಎರಡು ಹೆಜ್ಜೆ ಮುಂದೆ ಬಂದ್ರೆ ಮಾಯ, ಹಿಂದೆ ಹೋದ್ರೆ ಹಾಜರ್. ಕಾಫಿ ಆರೋವರೆಗೂ ಹಿಂದೆ ಮುಂದೆ ಓಡಾಡಿದ್ದೇ ಆಯ್ತು.

ಆಮೇಲೆ ಕೂತು ಲೆಕ್ಕ ಹಾಕ್ದೆ. ಶಬ್ದ ಸೆಕೆಂಡಿಗೆ ಹತ್ತತ್ರ 343 ಮೀಟರ್ ಹೋಗುತ್ತೆ, ನನ್ನ ರೂಮಿನ ಉದ್ದ 3.66 ಮೀಟರ್, ಅದರ ಎರಡರಷ್ಟರಿಂದ ಭಾಗಿಸಿದ್ರೆ 47 ಹರ್ಟ್ಜ್, ಅಂದ್ರೆ ಆ ಎರಡು ಗೋಡೆ ನಡುವೆ ಬಡಿದಾಡ್ಕೊಂಡು ನಿಂತುಬಿಡೋ ಅತಿ ತಗ್ಗಿನ ಸ್ವರ. ಆ ಸ್ವರ ಎರಡೂ ಗೋಡೆ ಹತ್ರ ಜೋರು, ಸರಿಯಾಗಿ ಮಧ್ಯದಲ್ಲಿ ಸೊನ್ನೆ, ನನ್ನ ತಲೆ ಇದ್ದಿದ್ದು ಅಲ್ಲೇ. ಅದರ ಡಬಲ್ಲು, 94 ಹರ್ಟ್ಜ್, ಅದೇ ಮಧ್ಯದಲ್ಲಿ ತುಂಬಿ ತುಳುಕುತ್ತೆ, ತೊಪ್ಪಿ ಗುಂಯ್ ಅಂತಿದ್ದಿದ್ದು ಅದಕ್ಕೇ. ಅಲ್ಲಿ ಕೂತ್ಕೊಂಡು ಎಷ್ಟು ದೊಡ್ಡ ಸಬ್‌ವೂಫರ್ ಹಾಕಿದ್ರೂ ಅದುರೋದು ಪಾತ್ರೆನೇ.

ಎರಡನೇದು, ಉದ್ದದ ಗೋಡೆಗೆ ಸ್ಪೀಕರು, ಎದುರು ಗೋಡೆಗೆ ಒರಗಿಸಿ ಸೋಫಾ. ಈಗ ಬೇಸ್ ಅತಿಯಾಯ್ತು, ಪಾಯಸಕ್ಕೆ ಬೆಲ್ಲ ಜಾಸ್ತಿ ಆದಂಗೆ. ತಲೆ ಹಿಂದೇನೇ ಗೋಡೆ, ಅದಕ್ಕೆ ಬಡಿದು ವಾಪಸ್ ಬರೋ ಸದ್ದಲ್ಲಿ ಪಿಟೀಲೂ ಹಾಡೋರ ದನಿನೂ ಅಂಟ್ಕೊಂಡ್ಬಿಡ್ತು. ಒಂದು ಕಡೆ ಕಿಟಕಿ ಗಾಜು, ಇನ್ನೊಂದು ಕಡೆ ಪರದೆ ಬೇರೆ; ಗಾಜು ಸದ್ದನ್ನ ವಾಪಸ್ ಎಸೆಯುತ್ತೆ, ಪರದೆ ಹೀರ್ಕೊಳ್ಳುತ್ತೆ, ಹಾಗಾಗಿ ದನಿ ಒಂದು ಕಡೆಗೆ ವಾಲುತ್ತೆ. ಇದನ್ನ ಕಂಡುಹಿಡಿಯೋಕೆ 60ರ ದಶಕದ ಮೊನೊ (ಎರಡೂ ಸ್ಪೀಕರಲ್ಲಿ ಒಂದೇ ಸದ್ದು ಬರೋ) ಹಾಡು ಹಾಕಿದ್ರೆ ಸಾಕು, ದನಿ ಎರಡು ಸ್ಪೀಕರ್ ಮಧ್ಯದ ಖಾಲಿ ಜಾಗದಿಂದ ಬರ್ಬೇಕು. ನನ್ನಲ್ಲಿ ಪಿ.ಬಿ. ಶ್ರೀನಿವಾಸ್ ಕಿಟಕಿ ಕಡೆಗೆ ಸರ್ಕೊಂಡು ಹಾಡ್ತಿದ್ರು. ಮೂರು ಜನ ಕೂತು ಸಿನಿಮಾ ನೋಡೋಕೆ ಪರವಾಗಿಲ್ಲ.

ಮೂರನೇದು: ಗೋಡೆಯಿಂದ ಒಂದೂವರೆ ಟೈಲು ಅಂದ್ರೆ 3 ಅಡಿ ಮುಂದೆ, ಸ್ಪೀಕರ್ ನಡುವೆ 5 ಅಡಿ, ಎರಡರಿಂದಲೂ ಕುರ್ಚಿಗೆ 5 ಅಡಿ. ತಲೆ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಚಿಲ್ಲರೆ ದೂರಕ್ಕೆ ಬರುತ್ತೆ, ಸೊನ್ನೆ ಜಾಗ ತಪ್ಪುತ್ತೆ. ಸ್ಪೀಕರ್ ರೂಮಿನ ಉದ್ದದ ಕಾಲು ಭಾಗದಲ್ಲಿ, ಅಂದ್ರೆ 94ರ ಸೊನ್ನೆ ಜಾಗದಲ್ಲೇ ನಿಂತಿರೋದ್ರಿಂದ ಆ 94ರ ಗುಂಯ್ ಕೂಡ ಏಳಲ್ಲ. ಬೇಸ್ ಗೋಡೆ ಹತ್ರದಷ್ಟು ಇಲ್ಲ, ಇರೋದು ಕ್ಲೀನಾಗಿದೆ, ಗುಮ್ಕಿ (ತೊಪ್ಪಿಲಿ ಸ್ವರ ಜಾರಿಸೋ ಹೊಡೆತ) ಎಲ್ಲಿ ಜಾರ್ತು ಅಂತ ಗೊತ್ತಾಗುತ್ತೆ.

ಸ್ಪೀಕರ್ ಮುಖ ಸ್ವಲ್ಪ ಒಳಕ್ಕೆ, ಭುಜದ ಪಕ್ಕಕ್ಕೆ ನೋಡೋ ಹಾಗೆ. ಟ್ವೀಟರ್ (ಮೇಲಿನ ಸ್ವರ ಕೊಡೋ ಚಿಕ್ಕ ಕೋನು) ಕಿವಿ ಎತ್ತರಕ್ಕೆ ಬರ್ಬೇಕು, ಸ್ಟ್ಯಾಂಡಿಗೆ ದುಡ್ಡಿರ್ಲಿಲ್ಲ, ಆರಿಂಚಿನ ಸಿಮೆಂಟ್ ಬ್ಲಾಕು ಒಂದೊಂದು ಕಡೆ ನಾಲ್ಕು ಜೋಡಿಸಿ ಮೇಲೆ ಹಳೇ ಯೋಗ ಮ್ಯಾಟಿನ ತುಂಡು ಹಾಕಿದೀನಿ.

ತೊಂದ್ರೆ ಇಲ್ದೇ ಇಲ್ಲ. ಒಬ್ಬರಿಗೆ ಮಾತ್ರ ಆಗೋದು. ಅಮ್ಮ "ಮನೆ ಮಧ್ಯ ಎರಡು ಕಂಬ ನಿಲ್ಸಿದೀಯಲ್ಲೋ" ಅಂತಾನೇ ಇರ್ತಾರೆ, ಒಂದ್ಸಲ ಒದ್ದೆ ಟವೆಲ್ಲೂ ಒಣಗಾಕಿದ್ರು. ನನಗೋ ಊಟ ಆದ್ಮೇಲೆ ಒಬ್ಬನೇ ಒಂದು ಗಂಟೆ ಕೇಳೋ ಅಭ್ಯಾಸ, ಹಾಗಾಗಿ ನಡೆಯುತ್ತೆ. ದಿನಾ ಸಂಜೆ ಮನೆಮಂದಿ ಎಲ್ಲ ಕೂತ್ಕೊಳ್ಳೋ ಹಾಲ್ ಆದ್ರೆ ಎರಡನೇದೇ ಇಟ್ಕೊಳ್ಳಿ, ಸೋಫಾ ಮಾತ್ರ ಒಂದಡಿ ಮುಂದಕ್ಕೆ ಎಳೀರಿ.

ಬ್ಲಾಕ್ ಭಾರ ಅಂತ ನೆಲ ಒರೆಸೋರು ಅದನ್ನ ಮುಟ್ಟಲ್ಲ, ಕುರ್ಚಿನ ಮಾತ್ರ ದಿನಾ ಎಲ್ಲೆಲ್ಲೋ ತಳ್ಳಿರ್ತಾರೆ. ಅದಕ್ಕೆ ಅಮ್ಮನ ಸ್ಟಿಕ್ಕರ್ ಬಿಂದಿ ನಾಲ್ಕು ಟೈಲ್ ಮೇಲೆ ಅಂಟಿಸಿದೀನಿ, ಕುರ್ಚಿ ಕಾಲು ಒಂದೊಂದಕ್ಕೆ ಒಂದೊಂದು.