ನೆಟ್‌ವರ್ಕ್ ಡ್ರೈವ್ ಗುರುತಿಸೋಕೆ ಪಿಎಸ್‌ಯುಟಿಲ್: ವರ್ಷಗಟ್ಟಲೆ ಬಳಸಿದ ಮೇಲೆ

ಶಿರಸಿಯ ಅಡಿಕೆ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಭಾಷೆ ಪೈಥಾನ್. ಚಾಲಿ, ರಾಶಿ, ಬೆಟ್ಟೆ ಅನ್ನುವ ಅಡಿಕೆ ಬಗೆಗಳ ತೂಕ, ದರ ಎಲ್ಲ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ನಲ್ಲಿ ಇರುತ್ತದೆ. ಎರಡು ಕಂಪ್ಯೂಟರ್‌ನಿಂದ ತೆರೆಯಬಹುದು ಅಂತ ಕೆಲವರು ಆ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ಗೆ ಹಾಕಿಬಿಡುತ್ತಾರೆ. ಅಲ್ಲಿ ಫೈಲ್ ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ನಂಬುವ ಹಾಗಿಲ್ಲ. ಡಬ್ಲ್ಯೂಎಎಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಫೈಲ್‌ಗೆ ಬರೆಯುವ ಎಸ್‌ಕ್ಯೂಲೈಟ್ ವಿಧಾನ) ಅಂತೂ ನೆಟ್‌ವರ್ಕ್ ಮೇಲೆ ನಡೆಯುವುದೇ ಇಲ್ಲ. ಹಾಗಾಗಿ ಫೈಲ್ ಎಲ್ಲಿದೆ ಅಂತ ಪ್ರೋಗ್ರಾಂ ಮೊದಲೇ ತಿಳಿದುಕೊಂಡು ಎಚ್ಚರಿಸಬೇಕು. ಇದಕ್ಕೆ ನಾನು ಬಳಸುವುದು ಸಿಸ್ಟಂನ ಮಾಹಿತಿ ಕೊಡುವ ಪಿಎಸ್‌ಯುಟಿಲ್ ಲೈಬ್ರರಿಯ ಡಿಸ್ಕ್_ಪಾರ್ಟಿಷನ್ಸ್, ಅಂದರೆ ಕಂಪ್ಯೂಟರ್‌ಗೆ ಜೋಡಿಸಿದ ಡ್ರೈವ್‌ಗಳ ಪಟ್ಟಿ ಕೊಡುವ ಫಂಕ್ಷನ್.

ಮ್ಯಾಕ್‌ನಲ್ಲಿ 'ಆಲ್=ಟ್ರೂ' (ಏನನ್ನೂ ಬಿಡದೆ ಎಲ್ಲವನ್ನೂ ತೋರಿಸು ಅನ್ನುವ ಆಯ್ಕೆ) ಕೊಟ್ಟು ಕರೆದರೆ ಕೆಲಸ ಸಲೀಸು. ಪ್ರತಿ ಡ್ರೈವ್‌ನ ಗುಣಗಳನ್ನು ಹೇಳುವ ಆಪ್ಟ್ಸ್ ಫೀಲ್ಡ್‌ನಲ್ಲಿ 'ಲೋಕಲ್' ಇಲ್ಲ ಅಂದರೆ ಹೊರಗಿನದು. ವಿಂಡೋಸ್‌ನಲ್ಲಿ ಅದೇ ಜಾಗದಲ್ಲಿ 'ರಿಮೋಟ್' ಅಂತ ಬರುತ್ತದೆ. ಆದರೆ ಡ್ರೈವ್ ಅಕ್ಷರ ಕೊಡದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನೇರ ತೆರೆದ ಫೋಲ್ಡರ್ ಪಟ್ಟಿಯಲ್ಲಿ ಸಿಗುವುದಿಲ್ಲ. ಅದನ್ನು ನೀವೇ ಪರೀಕ್ಷಿಸಬೇಕು.

ಜಾಸ್ತಿ ಹುಷಾರಾಗಿರಬೇಕಾದ್ದು ಲಿನಕ್ಸ್‌ನಲ್ಲಿ. ಸುಮ್ನೆ ಕರೆದರೆ ಎನ್‌ಎಫ್‌ಎಸ್, ಸಿಐಎಫ್‌ಎಸ್ ಅನ್ನುವ ನೆಟ್‌ವರ್ಕ್ ಫೈಲ್‌ಸಿಸ್ಟಂಗಳು ಎರಡೂ ಪಟ್ಟಿಯಿಂದ ಮಾಯ! ಕರ್ನಲ್ ಅವನ್ನು 'ನೋಡೆವ್' (ಹಿಂದೆ ಡಿಸ್ಕ್ ಸಾಧನ ಇಲ್ಲದ್ದು) ಅಂತ ಗುರುತಿಸಿರುತ್ತದೆ, ಲೈಬ್ರರಿ ಅಂಥವನ್ನು ಬಿಟ್ಟುಬಿಡುತ್ತದೆ. ನಾವು ಹುಡುಕುತ್ತಿರುವುದೇ ಅವನ್ನು ಅಲ್ವಾ? ಇಲ್ಲೂ 'ಆಲ್=ಟ್ರೂ' ಕೊಡಲೇಬೇಕು. ಆಮೇಲೆ ಫೈಲ್‌ನ ಪಾಥ್‌ಗೆ ಹೊಂದುವ ಅತಿ ಉದ್ದದ ಮೌಂಟ್‌ಪಾಯಿಂಟ್ (ಡ್ರೈವ್ ಜೋಡಿಸಿದ ಫೋಲ್ಡರ್) ಹುಡುಕಿ, ಅದರ ಎಫ್‌ಎಸ್‌ಟೈಪ್, ಅಂದರೆ ಫೈಲ್‌ಸಿಸ್ಟಂನ ಹೆಸರು, ನೋಡಿ.

ಇಲ್ಲಿ ಹೆಸರು ಸಿಗುವುದೇ ದೊಡ್ಡ ಉಪಕಾರ. ಫೈಲ್‌ಸಿಸ್ಟಂನ ಬಗೆಯನ್ನು ಸಂಖ್ಯೆಯಲ್ಲಿ ಹೇಳುವ ಸ್ಟ್ಯಾಟ್‌ಎಫ್‌ಎಸ್ ಅನ್ನು ನೇರವಾಗಿ ಕರೆದರೆ, ನೆಟ್‌ವರ್ಕ್ ಮೇಲಿನ ಎಸ್‌ಎಸ್‌ಎಚ್‌ಎಫ್‌ಎಸ್‌ಗೂ, ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಮೂಲಕ ತೆರೆದ ಪೆನ್‌ಡ್ರೈವ್‌ಗೂ ಫ್ಯೂಸ್ ವ್ಯವಸ್ಥೆಯ ಒಂದೇ ಸಂಖ್ಯೆ ಬರುತ್ತದೆ, 0x65735546. ಪಿಎಸ್‌ಯುಟಿಲ್‌ನಲ್ಲಿ ಮೊದಲನೆಯದು 'ಫ್ಯೂಸ್.ಎಸ್‌ಎಸ್‌ಎಚ್‌ಎಫ್‌ಎಸ್', ಎರಡನೆಯದು 'ಫ್ಯೂಸ್‌ಬಿಎಲ್‌ಕೆ'.

ನಮ್ಮ ಕಡೆ ಮಳೆಗಾಲ ಅಂದರೆ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಸರ್ವರ್ ಬಿದ್ದಾಗಲೂ ಲಿನಕ್ಸ್‌ನಲ್ಲಿ ಈ ಪಟ್ಟಿ ತಕ್ಷಣ ಬರುತ್ತದೆ, ಯಾಕೆಂದರೆ ಅದು ಕರ್ನಲ್‌ನ ಮೌಂಟ್ ಪಟ್ಟಿಯನ್ನು ಓದುತ್ತದೆ ಅಷ್ಟೇ. ಆದರೆ ಖಾಲಿ ಜಾಗ ಎಷ್ಟಿದೆ ಅಂತ ಡಿಸ್ಕ್_ಯೂಸೇಜ್ ಕೇಳಿದರೆ, ಹಾರ್ಡ್ ಮೌಂಟ್ ಆದ (ಉತ್ತರ ಬರುವವರೆಗೂ ಕಾಯುವ ಹಾಗೆ ಜೋಡಿಸಿದ) ಎನ್‌ಎಫ್‌ಎಸ್‌ನಲ್ಲಿ ಸರ್ವರ್ ಮತ್ತೆ ಏಳುವವರೆಗೂ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಆ ಕೆಲಸವನ್ನು ಬೇರೆ ಪ್ರೋಸೆಸ್‌ಗೆ ಕೊಟ್ಟು, ಟೈಮ್‌ಔಟ್ ಇಟ್ಟಿದ್ದೇನೆ.

ನನ್ನ ಕಡೆಯಿಂದ ಐದರಲ್ಲಿ ನಾಲ್ಕು ಸ್ಟಾರ್. ಎಲ್ಲ ಸಿಸ್ಟಂಗೂ ಒಂದೇ ರೀತಿ 'ಇದು ನೆಟ್‌ವರ್ಕ್' ಅಂತ ಹೇಳುವ ಒಂದು ಫೀಲ್ಡ್ ಕೊಟ್ಟ ದಿನ ಐದನೆಯದೂ ಕೊಡುತ್ತೇನೆ.