ರೀಲೋಡಿಂಗ್ ಕಿಟ್, ಮೂರು ವರ್ಷದ ನಂತರ: ಪ್ರೆಸ್ ಬಂಡೆ, ತಕ್ಕಡಿ ತಲೆನೋವು

ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಗೆ, ಅಂದರೆ ಕೇಸಿಗೆ, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು, ಬುಲೆಟ್ ಹಾಕಿ ಮನೆಯಲ್ಲೇ ಮತ್ತೆ ಗುಂಡು ಮಾಡಿಕೊಳ್ಳೋದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಅದರ ಈ ಕಿಟ್ ತಗೊಂಡು ಮೂರು ವರ್ಷ ಆಯ್ತು. ಡಬ್ಬಿ ಬಿಚ್ಚಿದ ವಾರವೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಟ್ಟಿರುತ್ತಿದ್ದೆ. ಎಂಟನೇ ತಿಂಗಳಲ್ಲಿ ಬರೆದಿದ್ದರೆ ಬಾಯಿಗೆ ಬಂದ ಹಾಗೆ ಬೈದಿರುತ್ತಿದ್ದೆ. ಈಗ ಆ ಖುಷಿಯೂ ಇಳಿದಿದೆ, ಕೋಪವೂ ಇಳಿದಿದೆ. ಬರೆಯೋಕೆ ಇದೇ ಸರಿಯಾದ ಹೊತ್ತು ಅನ್ನಿಸಿತು.

ಕಿಟ್‌ನಲ್ಲಿ ಏನೇನಿದೆ ಅಂತ ಡಬ್ಬಿ ಮೇಲೇ ಇದೆ, ಅದನ್ನೆಲ್ಲ ಇಲ್ಲಿ ಪಟ್ಟಿ ಮಾಡಲ್ಲ. ಒಂದು ಮಾತು ಮಾತ್ರ: ಡೈ ಸೆಟ್ (ಕೇಸನ್ನು ಅಳತೆಗೆ ತರುವ, ಬುಲೆಟ್ ಕೂರಿಸುವ ಅಚ್ಚುಗಳು) ಮತ್ತು ಶೆಲ್ ಹೋಲ್ಡರ್ (ಕೇಸಿನ ತಳ ಹಿಡಿದಿಡುವ ಬಿಲ್ಲೆ) ಅದರಲ್ಲಿ ಬರಲ್ಲ. ನಾನು ನೋಡಿಕೊಂಡಿರಲಿಲ್ಲ. ಕೇಸನ್ನು ಡೈ ಒಳಗೆ ಒತ್ತುವ ಯಂತ್ರ, ಅಂದರೆ ಪ್ರೆಸ್ಸನ್ನು, ಟೇಬಲ್‌ಗೆ ಬೋಲ್ಟ್ ಹಾಕಿ ಬಿಗಿದು, ಹಿಡಿಕೆ ಎಳೆದು, ಬಿಟ್ಟು, ಮತ್ತೆ ಎಳೆದು, ಎರಡು ವಾರ ಸುಮ್ನೆ ಆಟ ಆಡಿದ್ದಷ್ಟೇ. ಡೈ ತಗೊಳ್ಳುವಾಗ ಕಾರ್ಬೈಡ್ ಅನ್ನೋ ಗಟ್ಟಿ ವಸ್ತುವಿನದೇ ತಗೊಳ್ಳಿ. ನೇರ ಗೋಡೆಯ ಪಿಸ್ತೂಲ್ ಕೇಸುಗಳಿಗೆ ಆಗ ಎಣ್ಣೆ ಸವರುವ ಕೆಲಸ ಇರಲ್ಲ.

ನನ್ನದು .38 ಸ್ಪೆಷಲ್ ಅನ್ನೋ ಅಳತೆಯ ಗುಂಡು ಹಾಕುವ ರಿವಾಲ್ವರ್. ಹೊಡೆಯೋದು ಕಾಗದದ ಗುರಿಗೆ, 25 ಮೀಟರ್‌ನಲ್ಲಿ, ಬೇರೆ ಯಾವುದಕ್ಕೂ ಇಲ್ಲ. ಸೆಂಟರ್ ಫೈರ್ (ತಳದ ನಡುವೆ ಪ್ರೈಮರ್ ಇರುವ ಗುಂಡಿನ) ಸ್ಪರ್ಧೆಯಲ್ಲಿ 60 ಗುಂಡು: ಮೊದಲ 30 ನಿಧಾನಕ್ಕೆ, ಐದು ಗುಂಡಿಗೆ ಐದು ನಿಮಿಷ, ಉಳಿದ 30 ರಭಸದಲ್ಲಿ, ಒಂದೊಂದು ಗುಂಡಿಗೆ ಮೂರೇ ಸೆಕೆಂಡ್. ನಿಧಾನದ ಸುತ್ತಿನ ಗುರಿಯಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಇದಕ್ಕೆ ಹೇಳಿ ಮಾಡಿಸಿದ್ದು ವ್ಯಾಡ್‌ಕಟರ್ ಅನ್ನೋ ಚಪ್ಪಟೆ ಮೂತಿಯ ಸೀಸದ ಬುಲೆಟ್. ಕಾಗದ ಹರಿಯಲ್ಲ, ಪಂಚಿಂಗ್ ಮಷೀನ್ ಹೊಡೆದ ಹಾಗೆ ದುಂಡಗೆ ತೂತು ಬೀಳುತ್ತದೆ. ಗೆರೆ ಮುಟ್ಟಿತಾ ಇಲ್ಲವಾ ಅಂತ ಜಗಳ ಆಡಬೇಕಿಲ್ಲ. ಆದರೆ ಅಂಗಡಿಯಲ್ಲಿ ಅದು ಬೇಕೆಂದಾಗ ಸಿಗಲ್ಲ, ಸಿಕ್ಕಾಗ ನಮ್ಮ ಹತ್ತಿರ ದುಡ್ಡಿರಲ್ಲ. ನಾನು ರೀಲೋಡಿಂಗ್‌ಗೆ ಇಳಿದದ್ದು ಹೀಗೆ. ಎಷ್ಟೋ ದೇಶಗಳಲ್ಲಿ ಲೈಸೆನ್ಸ್ ಇಲ್ಲದೆ ಹೀಗೆ ಗುಂಡು ತಯಾರಿಸುವುದೇ ಅಪರಾಧ. ನಿಮ್ಮ ಕಡೆ ಏನು ಕಾನೂನು ಅಂತ ಕ್ಲಬ್ಬಿನಲ್ಲಿ ವಿಚಾರಿಸದೆ ಕಿಟ್‌ಗೆ ದುಡ್ಡು ಹಾಕಬೇಡಿ.

ಮೊದಲು ಪ್ರೆಸ್ ಬಗ್ಗೆ, ಯಾಕೆಂದರೆ ಅದರ ಬಗ್ಗೆ ಹೇಳೋದು ಕಡಿಮೆ. ಅದೊಂದು ಬಂಡೆ. ಎರಕದ ಕಬ್ಬಿಣ, ಒಂದು ಸಲಕ್ಕೆ ಒಂದೇ ಡೈ. ಕ್ಲಬ್ಬಿನಲ್ಲಿ ಎಲ್ಲರೂ ಪ್ರೋಗ್ರೆಸಿವ್ ತಗೋ ಅಂದರು. ಅದರಲ್ಲಿ ಹಿಡಿಕೆ ಒಮ್ಮೆ ಎಳೆದರೆ ಒಂದು ಗುಂಡು ಸಿದ್ಧ. ನನ್ನದರಲ್ಲಿ ಒಂದು ಗುಂಡಿಗೆ ನಾಲ್ಕು ಎಳೆತ: ಹಳೆ ಪ್ರೈಮರ್ ತೆಗೆದು ಕೇಸನ್ನು ಅಳತೆಗೆ ತರೋದು, ಬಾಯಿ ಅಗಲಿಸೋದು, ಬುಲೆಟ್ ಕೂರಿಸೋದು, ಕ್ರಿಂಪ್ ಮಾಡೋದು, ಅಂದರೆ ಕೇಸಿನ ಬಾಯಿ ಒತ್ತಿ ಬುಲೆಟ್ ಬಿಗಿ ಮಾಡೋದು. ಐವತ್ತು ಗುಂಡಿಗೆ ಇನ್ನೂರು ಎಳೆತ. ಒಂದೂಮುಕ್ಕಾಲು ಗಂಟೆ ಬೇಕು. ನನಗೆ ವಾರಕ್ಕೆ ನೂರು ಗುಂಡು ಸಾಕು, ಹಾಗಾಗಿ ತೊಂದರೆ ಇಲ್ಲ. ವಾರಕ್ಕೆ ಐನೂರು ಹೊಡೆಯೋರಿಗೆ ಇದು ಬೇಡ. ಮೂರು ವರ್ಷದಲ್ಲಿ ನಾನು ಇದಕ್ಕೆ ಮಾಡಿದ ಸೇವೆ ಅಂದರೆ ನಾಲ್ಕು ಹನಿ ಎಣ್ಣೆ, ಒಂದು ಹಳೇ ಬ್ರಶ್ಶು.

ಒಂದೇ ಒಂದು ಸಲ ತಕರಾರು ಬಂತು, ಅದೂ ನನ್ನದೇ ತಪ್ಪು. ಯಾರೋ ಕೊಟ್ಟ ಪೊಟ್ಟಣದ ಕೇಸುಗಳನ್ನು ನೋಡದೆ ಹಾಕುತ್ತಾ ಹೋದೆ. ಹಿಡಿಕೆ ಅರ್ಧಕ್ಕೆ ನಿಂತಿತು. ನಾನು ಜಾಸ್ತಿ ಒತ್ತಿದೆ. ಹಳೆ ಪ್ರೈಮರ್ ನೂಕಿ ತೆಗೆಯುವ, ಡೈ ಒಳಗಿನ ಸೂಜಿ ಬಗ್ಗಿಹೋಯ್ತು. ಟಾರ್ಚ್ ಹಾಕಿ ನೋಡಿದರೆ ಕೇಸಿನ ತಳದಲ್ಲಿ ಒಂದರ ಬದಲು ಎರಡು ಪುಟ್ಟ ತೂತು. ಅದು ಬರ್ಡನ್ ಕೇಸು. ನಮಗೆ ಬೇಕಾದ್ದು ನಡುವೆ ಒಂದೇ ತೂತಿರುವ ಬಾಕ್ಸರ್. ಎರಡೂ 1860ರ ದಶಕದವು. ತಮಾಷೆ ಏನಂದರೆ ಬಾಕ್ಸರ್ ಇಂಗ್ಲಿಷ್ ಮನುಷ್ಯ, ಅವನ ಪ್ರೈಮರ್ ನೆಲೆಯೂರಿದ್ದು ಅಮೆರಿಕದಲ್ಲಿ. ಬರ್ಡನ್ ಅಮೆರಿಕದವನು, ಅವನದು ಬಳಕೆಗೆ ಬಂದದ್ದು ಹೆಚ್ಚಾಗಿ ಯುರೋಪಿನಲ್ಲಿ. ಸೂಜಿ ಬಗ್ಗಿಸಿಕೊಂಡ ಮೇಲೆ ಕಲಿತ ಇತಿಹಾಸ, ಮರೆಯಲ್ಲ.

ಇನ್ನು ತಕ್ಕಡಿಗೆ ಬರೋಣ.

ಕಿಟ್ ಜೊತೆ ಅಂಗೈಯಷ್ಟು ಅಗಲದ ಡಿಜಿಟಲ್ ಸ್ಕೇಲ್ ಬರುತ್ತೆ. ನೀಲಿ ಬೆಳಕು, ನೋಡೋಕೆ ಚೆಂದ. ಮದ್ದನ್ನು ತೂಗೋದು ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಾನು ಒಂದು ಗುಂಡಿಗೆ ಹಾಕೋ ಮದ್ದು ಒಂದು ಕೈ ಬೆರಳೆಣಿಕೆಗೂ ಕಡಿಮೆ ಗ್ರೇನ್. ಎಷ್ಟು ಅಂತ ಇಲ್ಲಿ ಬರೆಯಲ್ಲ. ಅದನ್ನು ಮದ್ದು ತಯಾರಿಸಿದವರ ಪುಸ್ತಕದಲ್ಲೇ ನೋಡಬೇಕು, ಅವರು ಕೊಟ್ಟ ಆರಂಭದ ಅಳತೆಯಿಂದಲೇ ಶುರು ಮಾಡಬೇಕು. ಯಾರದೋ ಬಾಯಿಮಾತು ನಂಬೋ ವಿಷಯ ಅಲ್ಲ ಇದು, ನನ್ನದೂ ಸೇರಿ.

ಇಷ್ಟು ಸಣ್ಣ ತೂಕದಲ್ಲಿ ಅರ್ಧ ಗ್ರೇನ್ ವ್ಯತ್ಯಾಸ ಅಂದರೆ ಶೇಕಡಾ ಹತ್ತಕ್ಕಿಂತ ಜಾಸ್ತಿ. ಇದರ ಜೊತೆ .38 ಸ್ಪೆಷಲ್‌ನದು ಇನ್ನೊಂದು ಗುಣ. 1890ರ ದಶಕದ ಕೊನೆಯಲ್ಲಿ ಸ್ಮಿತ್ ಅಂಡ್ ವೆಸನ್‌ನವರು ಇದನ್ನು ರೂಪಿಸಿದಾಗ ಕೇಸಿನ ಅಳತೆ ಇಟ್ಟದ್ದು ಕರಿಮದ್ದಿಗೆ. ಕರಿಮದ್ದಿಗೆ ಜಾಗ ಜಾಸ್ತಿ ಬೇಕು. ಈಗಿನ ಹೊಗೆರಹಿತ ಮದ್ದು ಅದರ ತಳದಲ್ಲಿ ಒಂದು ಚಿಟಿಕೆ ಥರ ಕೂತಿರುತ್ತೆ. ತಪ್ಪಿ ಎರಡು ಸಲ ಸುರಿದರೂ ಉಕ್ಕಿ ಬರಲ್ಲ, ಒಳಗೆ ಹಿಡಿದುಬಿಡುತ್ತೆ. ಆ ಗುಂಡು ಹಾರಿಸಿದರೆ ರಿವಾಲ್ವರ್ ಹೋಗುತ್ತೆ, ಕೈಯೂ ಹೋಗಬಹುದು.

ಸ್ಕೇಲ್ ಮೇಲೆ ತಟ್ಟೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಖಾಲಿ ತಟ್ಟೆ ಎತ್ತಿದರೆ ಮೈನಸ್ ಲೆಕ್ಕದಲ್ಲಿ ತಟ್ಟೆಯ ತೂಕ ತೋರಿಸುತ್ತೆ. ನನ್ನ ತಟ್ಟೆಗೆ ಅದು ಮೈನಸ್ 120.4. ಒಂದು ಬಿಳಿ ಟೇಪಿನ ತುಂಡಿನಲ್ಲಿ ಬರೆದು ಸ್ಕೇಲಿನ ಅಂಚಿಗೆ ಅಂಟಿಸಿದ್ದೆ. ತಟ್ಟೆ ಎತ್ತಿದಾಗಲೆಲ್ಲ ಆ ಕಡೆ ಒಂದು ಕಣ್ಣು. ಎಂಟನೇ ತಿಂಗಳ ಒಂದು ರಾತ್ರಿ, ಮೂವತ್ತು ಗುಂಡು ಮುಗಿಸಿ ಮೂವತ್ತೊಂದನೆಯದಕ್ಕೆ ತಟ್ಟೆ ಎತ್ತಿದೆ. ಮೈನಸ್ 120.9. ಟೇಪ್ ನೋಡಿದೆ, ಸ್ಕೇಲ್ ನೋಡಿದೆ. ಸ್ಕೇಲ್ ಅರ್ಧ ಗ್ರೇನ್ ಕಡಿಮೆ ತೋರಿಸುತ್ತಿದೆ. ಅಂದರೆ ನಾನು ಅರ್ಧ ಗ್ರೇನ್ ಜಾಸ್ತಿ ಹಾಕುತ್ತಿದ್ದೇನೆ. ಎಷ್ಟನೇ ಗುಂಡಿನಿಂದ? ಗೊತ್ತಿಲ್ಲ. ಮಾತಿಗೆ ಮರುಳಾಗಿ ನಡುವೆ ಎಲ್ಲೋ ಟೇಪ್ ನೋಡೋದನ್ನು ಬಿಟ್ಟಿದ್ದೆ, ಪಕ್ಕದಲ್ಲಿ ಫೋನ್ ಸ್ಪೀಕರ್‌ನಲ್ಲಿತ್ತು.

ಮೂವತ್ತನ್ನೂ ಬಿಚ್ಚಬೇಕಾಯ್ತು. ಅದಕ್ಕೊಂದು ಸುತ್ತಿಗೆಯಂಥ ಉಪಕರಣ ಇದೆ. ಅದರ ತಲೆಯೊಳಗೆ ಗುಂಡು ಸಿಕ್ಕಿಸಿ ಮರದ ತುಂಡಿಗೆ ಕುಟ್ಟಿದರೆ ಬುಲೆಟ್ ಜಾರಿ ಹೊರಗೆ ಬರುತ್ತೆ. ಬೇರೆ ಬುಲೆಟ್ ಆದರೆ ಒಂದೆರಡು ಏಟಿಗೆ ಮುಗಿಯುತ್ತೆ. ವ್ಯಾಡ್‌ಕಟರ್ ಪೂರ್ತಿ ಕೇಸಿನೊಳಗೇ ಹುದುಗಿರುತ್ತೆ, ಐದಾರು ಏಟು ಬೇಕು. ರಾತ್ರಿ ಹನ್ನೊಂದಕ್ಕೆ ಮೂವತ್ತು ಗುಂಡು, ಒಂದೊಂದಕ್ಕೆ ಐದಾರು ಏಟು. ಮನೆಯವರು ಏನಂದರು ಅಂತ ಬೇರೆ ಹೇಳಬೇಕಾ?

ತಯಾರಕರಿಗೆ ಬರೆದೆ. ಉತ್ತರ ಬಂತು: ಬಳಸುವ ಮುಂಚೆ ಇಪ್ಪತ್ತು ನಿಮಿಷ ಆನ್ ಮಾಡಿ ಬಿಡಿ, ಬೆಚ್ಚಗಾಗಲಿ. ಸರಿ. ಆದರೆ ಈ ಸ್ಕೇಲು ಮೂರು ನಿಮಿಷ ಮುಟ್ಟದಿದ್ದರೆ ಬ್ಯಾಟರಿ ಉಳಿಸೋಕೆ ತಾನೇ ಆಫ್ ಆಗುತ್ತೆ! ಹಾಗಾಗಿ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂತು, ಮಗುವನ್ನು ಎಚ್ಚರ ಇಡೋ ಥರ ಆಗಾಗ ಗುಂಡಿ ಒತ್ತುತ್ತಿರಬೇಕು. ಇದನ್ನು ಮಾಡಿದವರು ಒಂದು ದಿನವಾದರೂ ಅದನ್ನು ಬಳಸಿದ್ದಾರಾ? ಜೊತೆಗೆ ಕೊಡುವ ಪರೀಕ್ಷೆಯ ಬಟ್ಟು 50 ಗ್ರಾಂ, ಅಂದರೆ 770 ಗ್ರೇನ್ ಮೇಲೆ. ಐದು ಗ್ರೇನೂ ಇಲ್ಲದ ಮದ್ದು ತೂಗುವವನಿಗೆ ಅದು ಸರಿ ತೋರಿಸಿ ಏನು ಬಂತು? ಕೊನೆಗೆ ಐದು ಗ್ರೇನ್, ಎರಡು ಗ್ರೇನ್‌ನ ಪುಟಾಣಿ ಬಟ್ಟುಗಳನ್ನು ಬೇರೆ ತಗೊಂಡೆ. ಚಿಮುಟದಲ್ಲಿ ಹಿಡಿಯಬೇಕು, ಬೆರಳು ತಾಗಿದರೆ ಜಿಡ್ಡು ಹತ್ತುತ್ತೆ.

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು. ಕ್ಲಬ್ಬಿನ ಹಿರಿಯರೊಬ್ಬರ ಹತ್ತಿರ ಗೋಳು ತೋಡಿಕೊಂಡೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ತಲೆ ಮೇಲೆ ಫ್ಯಾನ್ ಹಾಕ್ಕೊಂಡು ತೂಗ್ತೀಯೇನಪ್ಪಾ?"

"ಹೌದು ಸರ್, ಸೆಕೆ ಅಲ್ವಾ."

"ಟೇಬಲ್ ಮೇಲೆ ಫೋನೂ ಇರುತ್ತೆ ಅನ್ನು."

ನಾನು ಮಾತಾಡಲಿಲ್ಲ. ಮನೆಗೆ ಬಂದು ಫ್ಯಾನ್ ಆಫ್ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಸ್ಕೇಲನ್ನು ಒಂದು ಕಲ್ಲಿನ ಚಪ್ಪಡಿ ಮೇಲೆ ಕೂರಿಸಿದೆ. ಓಲಾಟ ಅರ್ಧಕ್ಕರ್ಧ ಕಡಿಮೆ ಆಯ್ತು. ಪೂರ್ತಿ ನಿಲ್ಲಲಿಲ್ಲ. ಅರ್ಧ ಗಂಟೆ ಕಳೆದರೆ ಇವತ್ತಿಗೂ ಒಂದೆರಡು ಪಾಯಿಂಟ್ ಜಾರುತ್ತೆ. ಆದರೆ ಎಲ್ಲ ತಪ್ಪೂ ಅದರದೇ ಅಂತ ಇನ್ನು ಹೇಳೋಕೆ ಬಾಯಿಲ್ಲ.

ಅದೇ ಹಿರಿಯರು ತಮ್ಮ ಹಳೇ ಬೀಮ್ ತಕ್ಕಡಿಯನ್ನು ಕಡಿಮೆ ದುಡ್ಡಿಗೆ ಕೊಟ್ಟರು. ಬ್ಯಾಟರಿ ಇಲ್ಲ, ಬೆಳಕಿಲ್ಲ. ದಂಡದ ತುದಿಯಲ್ಲಿ ಒಂದು ತಾಮ್ರದ ರೆಕ್ಕೆ, ಅದರ ಎರಡೂ ಬದಿ ಅಯಸ್ಕಾಂತ, ತೂಗಾಡೋದನ್ನು ಬೇಗ ನಿಲ್ಲಿಸೋಕೆ. ಮದ್ದಿನ ಕಾಳು ಒಂದೊಂದೇ ಬಿದ್ದ ಹಾಗೆ ಮುಳ್ಳು ಮೇಲೇಳುತ್ತೆ, ಗೆರೆ ಹತ್ತಿರ ಬಂದು ಒಂದು ಕ್ಷಣ ಯೋಚನೆ ಮಾಡುತ್ತೆ, ಆಮೇಲೆ ಕೂರುತ್ತೆ. ಉಸಿರು ಬಿಟ್ಟರೂ ಅಲ್ಲಾಡುತ್ತೆ, ಅದಕ್ಕೆ ಉಸಿರು ಹಿಡಿದೇ ನೋಡೋದು. ಟ್ರಿಗರ್ ಎಳೆಯುವಾಗ ಉಸಿರು ಹಿಡಿಯೋದನ್ನು ನನಗೆ ಯಾವ ಕೋಚೂ ಇಷ್ಟು ಚೆನ್ನಾಗಿ ಅಭ್ಯಾಸ ಮಾಡಿಸಿರಲಿಲ್ಲ.

ಕಿಟ್‌ನಲ್ಲಿ ನಾನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಎರಡು ಸಾಮಾನು ಈಗ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಕೈಯಲ್ಲಿ ಹಿಡಿದು ಪ್ರೈಮರ್ ಕೂರಿಸುವ ಟೂಲ್. ಅದನ್ನು ಒತ್ತಿದಾಗ ಪ್ರೈಮರ್ ಕೇಸಿನ ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತೆ. ಮೊದಲು ಮೆತ್ತಗೆ ಜಾರುತ್ತೆ, ಆಮೇಲೆ ಗಟ್ಟಿ. ಆ ಗಟ್ಟಿ ಬಂದ ಕೂಡಲೇ ನಿಲ್ಲಿಸಬೇಕು. ಐವತ್ತೂ ಮುಗಿದ ಮೇಲೆ ಒಂದೊಂದರ ತಳದ ಮೇಲೂ ತೋರುಬೆರಳು ಆಡಿಸುತ್ತೇನೆ. ಪ್ರೈಮರ್ ಕೂದಲೆಳೆಯಷ್ಟು ಒಳಗಿರಬೇಕು. ಉಬ್ಬಿದ್ದರೆ ರಿವಾಲ್ವರಿನ ಸಿಲಿಂಡರ್ ತಿರುಗಲ್ಲ, ಸ್ಪರ್ಧೆಯ ನಡುವೆ ಮೂರು ಸೆಕೆಂಡಿನಲ್ಲಿ ಅದನ್ನು ಬಿಡಿಸೋಕೂ ಆಗಲ್ಲ. ಟಿವಿ ನೋಡುತ್ತಾ ಮಾಡಬಹುದಾದ ಕೆಲಸ ಅಂತ ಕೆಲವರು ಹೇಳುತ್ತಾರೆ. ನಾನು ಮಾಡಲ್ಲ, ಕಣ್ಣಿಗೆ ಕನ್ನಡಕ ಹಾಕೋದನ್ನೂ ಬಿಡಲ್ಲ. ಪ್ರೈಮರ್ ಪುಟ್ಟದು, ಆದರೆ ಸಿಡಿಯೋದೇ ಅದರ ಕಸುಬು.

ಇನ್ನೊಂದು ಲೋಡಿಂಗ್ ಬ್ಲಾಕ್, ಐವತ್ತು ಗುಳಿ ಇರುವ ಪ್ಲಾಸ್ಟಿಕ್ ಹಲಗೆ. ಮದ್ದು ಹಾಕುವ ಮುಂಚೆ ಎಲ್ಲ ಕೇಸುಗಳೂ ಬೋರಲು. ಒಂದನ್ನು ಎತ್ತಿ, ತಿರುಗಿಸಿ, ಮದ್ದು ಹಾಕಿ, ಬಾಯಿ ಮೇಲೆ ಮಾಡಿ ಇಡೋದು. ಬೋರಲಿದ್ದರೆ ಖಾಲಿ, ಅಂಗಾತ ಇದ್ದರೆ ತುಂಬಿದೆ. ಮನೆಯಲ್ಲಿ ಯಾರಾದರೂ ಕರೆದು ಎದ್ದು ಹೋದರೂ ಲೆಕ್ಕ ತಪ್ಪಲ್ಲ. ಟೇಬಲ್ ಮೇಲೆ ಮದ್ದಿನ ಡಬ್ಬಿ ಒಂದೇ, ಎರಡನೆಯದು ಬೀರುವಿನಲ್ಲಿ. ಐವತ್ತೂ ಆದ ಮೇಲೆ ದೀಪ ಆರಿಸಿ ಟಾರ್ಚ್ ಹಿಡಿದು ಸಾಲಾಗಿ ಬಗ್ಗಿ ನೋಡುತ್ತೇನೆ. ಐವತ್ತು ಪುಟ್ಟ ಬಾವಿ, ಎಲ್ಲದರಲ್ಲೂ ನೀರು ಒಂದೇ ಮಟ್ಟಕ್ಕೆ ಇರಬೇಕು. ಒಂದು ಬಾವಿ ಬತ್ತಿದ್ದರೂ ಕಷ್ಟ: ಮದ್ದಿಲ್ಲದ ಗುಂಡಿನ ಬುಲೆಟ್ಟನ್ನು ಪ್ರೈಮರ್ ಒಂದೇ ನೂಕಿ ನಳಿಕೆಯಲ್ಲಿ ಸಿಕ್ಕಿಸಿಬಿಡುತ್ತೆ, ಗಮನಿಸದೆ ಹಿಂದೆಯೇ ಇನ್ನೊಂದು ಹಾರಿಸಿದರೆ ಕಥೆ ಮುಗಿಯಿತು. ನನಗೆ ಇಲ್ಲಿವರೆಗೆ ಎರಡು ಬತ್ತಿದ ಬಾವಿ ಸಿಕ್ಕಿವೆ. ಎರಡೂ ಟಾರ್ಚಿಗೇ ಸಿಕ್ಕವು.

ದುಡ್ಡು ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಒಂದೊಂದು ಗುಂಡಿನ ಲೆಕ್ಕ ಹಾಕಿದರೆ ಉಳಿಯುತ್ತೆ. ರಿವಾಲ್ವರ್ ಕೇಸನ್ನು ಹೊರಗೆಸೆಯಲ್ಲ, ಹಾಗಾಗಿ ನನ್ನ ಹಿತ್ತಾಳೆ ನನ್ನ ಜೇಬಿಗೇ ಬರುತ್ತೆ, ರೇಂಜಿನ ನೆಲದ ಮೇಲೆ ತೆವಳಬೇಕಿಲ್ಲ. ಹಗುರವಾದ ಲೋಡಿಗೆ ಕೇಸು ಬಹಳ ಸಲ ಬಾಳುತ್ತೆ, ಬಾಯಿ ಸೀಳುವ ತನಕ. ಆದರೆ ಮುಂಚೆ ವಾರಕ್ಕೆ ಐವತ್ತು ಹೊಡೆಯುತ್ತಿದ್ದವನು ಈಗ ನೂರು ಹೊಡೆಯುತ್ತೇನೆ. ಬಟ್ಟು, ಸುತ್ತಿಗೆ, ತಕ್ಕಡಿ, ಬಗ್ಗಿದ ಸೂಜಿ, ಕೇಸು ಉಜ್ಜೋಕೆ ಟಂಬ್ಲರ್ ಬೇರೆ. ಮನೆಯಲ್ಲಿ ಉಳಿತಾಯದ ಮಾತು ಎತ್ತೋದು ಬಿಟ್ಟಿದ್ದೇನೆ. ಟಂಬ್ಲರ್ ಹೊರಗಿಡಿ, ಅದರ ಧೂಳಲ್ಲಿ ಸೀಸ ಇರುತ್ತೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ.

ಪ್ರೆಸ್‌ಗೆ ಐದು ಸ್ಟಾರ್, ಪ್ರೈಮಿಂಗ್ ಟೂಲ್‌ಗೆ ಐದು, ಸ್ಕೇಲ್‌ಗೆ ಒಂದೂವರೆ. ಆ ಅರ್ಧ, ಫ್ಯಾನಿನ ವಿಷಯದಲ್ಲಿ ನನ್ನ ಪಾಲು. ಸ್ಕೇಲ್ ಇಲ್ಲದೆ ಪ್ರೆಸ್ ಮಾತ್ರ ಸಿಗುವುದಾದರೆ ಅದನ್ನೇ ತಗೊಂಡು ಮಿಕ್ಕ ದುಡ್ಡಿಗೆ ಬೀಮ್ ತಕ್ಕಡಿ ತಗೊಳ್ಳಿ. ನನ್ನ ಡಿಜಿಟಲ್ ಸ್ಕೇಲು ಈಗ ಬುಲೆಟ್‌ಗಳನ್ನು ತೂಕಕ್ಕೆ ತಕ್ಕ ಹಾಗೆ ವಿಂಗಡಿಸೋಕೆ ಮಾತ್ರ. ಮೈನಸ್ 120.4ರ ಟೇಪು ಇನ್ನೂ ಅದರ ಅಂಚಿನಲ್ಲೇ ಇದೆ, ಮೂಲೆ ಸ್ವಲ್ಪ ಎದ್ದಿದೆ.